ಎರಡು ಬಾಗಿಲಿನ ಕೋಣೆ

ಮಾರ್ಚ್ ೫, ಸಂಜೆ

ಕರಡಿನ ಹಾಳೆಗಳನ್ನು ಊಟದ ಮೇಜಿನಿಂದ ಎತ್ತಿ ಮಂಚಕ್ಕೆ, ಮಂಚದಿಂದ ಎತ್ತಿ ಮತ್ತೆ ಮೇಜಿಗೆ. ಪ್ರೆಸ್ಸಿನವರಿಗೆ ಪ್ರೂಫ್ ತಿದ್ದಿಕೊಡುವುದಕ್ಕಿಂತ ಹೊತ್ತು ತಿರುಗುವ ಕೆಲಸವೇ ಹೆಚ್ಚು. ಇರಲಿ, ಹೊಸ ಮನೆಯಲ್ಲಿ ನನಗೊಂದು ಕೋಣೆ ಇದೆ ಎಂದುಕೊಂಡಿದ್ದೆ.

ಇವತ್ತು ಇಂಜಿನಿಯರ್ ಕಟ್ಟಲಿರುವ ಆ ಮನೆಯ ನಕ್ಷೆ ತಂದರು. ಅಡಿಪಟ್ಟಿ ಅವರ ಕೈ ಬಿಟ್ಟದ್ದನ್ನು ನಾವ್ಯಾರೂ ಕಂಡಿಲ್ಲ. ಅಣ್ಣ ಅವರನ್ನು ಸ್ಕೇಲ್ ಸಾಹೇಬರು ಎನ್ನುತ್ತಾನೆ.

ಮಹಡಿಯಲ್ಲಿ ಹಿಂದುಗಡೆ ನನ್ನ ಕೋಣೆ. ಕಿಟಕಿ ಇದೆ. ಪುಸ್ತಕಕ್ಕೆ ಗೋಡೆ ಕಪಾಟಿದೆ. ಬಾಗಿಲು ಎರಡು. ಒಂದು ಮೆಟ್ಟಿಲ ಕಡೆಗೆ, ಇನ್ನೊಂದು ಹಿಂದಿನ ಟೆರೇಸಿಗೆ. ಟೆರೇಸಿನಲ್ಲಿ ವಾಷಿಂಗ್ ಮಷಿನ್, ಬಟ್ಟೆ ಹಗ್ಗ, ನೀರಿನ ಟ್ಯಾಂಕು. ಅಲ್ಲಿಗೆ ಬೇರೆ ದಾರಿ ಇಲ್ಲ.

ನನಗೆ ಕೊಟ್ಟದ್ದು ಕೋಣೆಯಲ್ಲ. ಕಪಾಟಿರುವ ರಸ್ತೆ.

ಇದು ಯಾರ ಕಣ್ಣಿಗೂ ಬೀಳಲಿಲ್ಲ. ಇಂಜಿನಿಯರ್ ನನ್ನ ಕಡೆ ತಿರುಗಿ ಖುಷಿಯಾಯಿತೇ ಎಂದು ಕೇಳಿದರು. ತಲೆಯಾಡಿಸಿದೆ. ಈ ತಲೆಗಿಷ್ಟು ಬೆಂಕಿ ಹಾಕ.

ಮಾರ್ಚ್ ೬

ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ ದಾಟಿಸಿದಳು. ನನ್ನ ಮಾತೆಲ್ಲ ಈ ಮನೆಯಲ್ಲಿ ಹೀಗೇ, ಬಸ್ಸು ಬದಲಿಸಿಕೊಂಡು ಹೋಗುತ್ತದೆ. ಬಟ್ಟೆ ಒಣಗಿಸಲು ನಾಲ್ಕು ಸಲ ಓಡಾಡಿದರೆ ಕೋಣೆ ಸವೆಯುವುದಿಲ್ಲವಂತೆ. ಅಪ್ಪ ಪೇಪರಿನಿಂದ ಮುಖ ಕೂಡ ಎತ್ತಲಿಲ್ಲ.

"ಟೋಲ್ ಗೇಟ್ ಹಾಕ್ಕೊಳೋ," ಎಂದ ಅಣ್ಣ. "ಪ್ರೂಫ್‌ಗಿಂತ ಜಾಸ್ತಿ ಬರುತ್ತೆ."

ಅವನ ಕೋಣೆಗೆ ಒಂದೇ ಬಾಗಿಲು. ಅವನು ಹಾಸ್ಯ ಮಾಡಬಹುದು.

ಮಾರ್ಚ್ ೧೦, ಭಾನುವಾರ

ಅಳತೆ ಕಾಲಿಗೆ ಗೊತ್ತಾಗಬೇಕು ಎಂದು ಅಪ್ಪ ಈ ಬಾಡಿಗೆ ಮನೆಯ ತಾರಸಿಯ ಮೇಲೆ ಮಹಡಿಯ ನಕ್ಷೆಯನ್ನು ಸೀಮೆಸುಣ್ಣದಲ್ಲಿ ಬರೆದರು. ನಿಜವಾದ ಅಳತೆ. ನನ್ನ ಕುರ್ಚಿ ತಂದು ನನ್ನ ‘ಕೋಣೆ’ಯಲ್ಲಿ ಕೂರಿಸಿದರು. ತೊಡೆಯ ಮೇಲೆ ಕರಡು. ಅಪ್ಪ ಬಕೆಟ್ ಹಿಡಿದು ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹೋದರು. ನೋಡು, ಏನಾಯಿತು ಎಂದರು. ಅಣ್ಣ ಗಾಳಿಯಲ್ಲಿ ಬಾಗಿಲು ಬಡಿದು ಬಂದ. ಇಂಜಿನಿಯರ್ ಟೇಪ್ ಬಿಚ್ಚುತ್ತ ಬಂದವರು ನನ್ನ ಹೆಗಲ ಮೇಲಿಂದ ಒಂದು ಪ್ಯಾರಾ ಓದಿಕೊಂಡೇ ಹೋದರು!

ಅಮ್ಮ ಮಾತ್ರ ಒದ್ದೆ ಬಟ್ಟೆ ಹೊತ್ತು ಗೆರೆಯ ಆಚೆಯೇ ನಿಂತಳು. "ಅವನು ಒಳಗೆ ಬಟ್ಟೆ ಬದಲಾಯಿಸ್ತಿದ್ರೆ ನಾನು ಇದನ್ನ ಹಿಡ್ಕೊಂಡು ಎಲ್ಲಿ ನಿಂತ್ಕೊಳ್ಳಲಿ?"

ಉತ್ತರ ಇಂಜಿನಿಯರ್ ಕೊಟ್ಟರು. ಮೂರಡಿ ಪ್ಯಾಸೇಜ್ ತೆಗೆಯಬಹುದು, ಮುಂದಿನ ಗೆಸ್ಟ್ ರೂಮಿನ ಬಾತ್‌ರೂಮ್ ಹೋಗುತ್ತದೆ, ಅಷ್ಟೇ. ಅದನ್ನು ಮುಟ್ಟುವ ಹಾಗಿಲ್ಲ ಎಂದರು ಅಪ್ಪ. ಮಾತು ಅಲ್ಲಿಗೆ ಮುಗಿಯಿತು.

ಆ ರೂಮು ದೊಡ್ಡಪ್ಪನಿಗೆ. ಬಂದರೆ ಎರಡು ವರ್ಷಕ್ಕೊಮ್ಮೆ, ಬಂದರೂ ಒಂದು ರಾತ್ರಿ. ಅವರಿಗೆ ಅಟ್ಯಾಚ್ಡ್ ಬಾತ್‌ರೂಮ್, ಬಾಲ್ಕನಿ, ಒಳಗಿಂದ ಚಿಲಕ. ಮುನ್ನೂರ ಅರವತ್ತೈದು ದಿನವೂ ಇಲ್ಲೇ ಬಿದ್ದಿರುವವನು — ದಾರಿ.

ಮಾರ್ಚ್ ೧೩

ಅಮ್ಮ ಬಟ್ಟೆ ಮಡಿಸುತ್ತ ತಾನಾಗಿ ಹೇಳಿದಳು. ಮದುವೆಗೆ ಮೊದಲು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಪ್ಪ ದೊಡ್ಡಪ್ಪನ ಮನೆಯಲ್ಲಿದ್ದರಂತೆ. ಮಲಗುವುದು ನಡುಮನೆಯಲ್ಲಿ. ದೊಡ್ಡಪ್ಪನ ಗೆಳೆಯರು ಇಸ್ಪೀಟು ಆಡಿ ಏಳುವ ತನಕ ಹಾಸಿಗೆ ಸುರುಳಿ ಹಿಡಿದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದರಂತೆ. ಒಬ್ಬರಾದರೂ ಕೂತ್ಕೋ ಎಂದಿಲ್ಲ. ಈಗ ದೊಡ್ಡಪ್ಪ ಬಂದು ಈ ರೂಮಿನಲ್ಲಿ ಮಲಗಿ ನಾಚಿಕೊಳ್ಳಬೇಕಂತೆ.

ಕೇಳಿ ಕರಗಬೇಕಿತ್ತು. ಕರಗಲಿಲ್ಲ. ಇನ್ನೂ ರೇಗಿತು. ಅವಮಾನ ಮಾಡಿದವರಿಗೆ ಉಪಚಾರ, ಅದರ ಖರ್ಚು ನನ್ನ ತಲೆಗೆ! ದೊಡ್ಡಪ್ಪನಿಗೆ ಅದೆಲ್ಲ ನೆನಪಾದರೂ ಇದೆಯೋ ಇಲ್ಲವೋ.

ಮಾರ್ಚ್ ೧೭, ಮಧ್ಯಾಹ್ನ

ಇವತ್ತು ಅಕ್ಷರ ನೆಟ್ಟಗಿಲ್ಲ.

ಇಂಜಿನಿಯರ್ ಕೊನೆಯ ನಕ್ಷೆ ತಂದಿದ್ದರು. ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಆಗ ನನ್ನ ಬಾಯಿಂದ ಬಂತು, ಅಮ್ಮನ ಮೂಲಕ ಅಲ್ಲ, ನೇರ.

"ಅವರೆಲ್ಲ ಏಳೋವರೆಗೂ ಹಾಸಿಗೆ ಹಿಡ್ಕೊಂಡು ನಿಂತಿದ್ರಲ್ಲ ನೀವು... ಈ ನಕ್ಷೇಲಿ ನೀವು ನನ್ನ ನಿಲ್ಲಿಸಿರೋದೂ ಅಲ್ಲೇ ಅಪ್ಪ."

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ತಲೆ ತಗ್ಗಿಸಲಿಲ್ಲ. ಇಂಜಿನಿಯರ್ ತಮ್ಮ ಅಡಿಪಟ್ಟಿಯನ್ನೇ ಮೊದಲ ಸಲ ಕಂಡವರಂತೆ ನೋಡುತ್ತ ಕೂತರು. ಅಪ್ಪ ಸಹಿ ಹಾಕದೆ ಎದ್ದು ಹೋದರು.

ತಪ್ಪು ಮಾತಾಡಿದೆ ಅನಿಸುತ್ತಿಲ್ಲ. ಅನಿಸಬೇಕೆಂದು ಎಲ್ಲರೂ ಕಾಯುತ್ತಿರುವ ಹಾಗಿದೆ.

ಮಾರ್ಚ್ ೧೮

ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೂ ಅಣ್ಣನ ಮೂಲಕ. ಈಗ ಅವರ ಮಾತೂ ಬಸ್ಸು ಬದಲಿಸುತ್ತಿದೆ.

ಮಾರ್ಚ್ ೨೫, ಬೆಳಿಗ್ಗೆ

ಅಪ್ಪ ಫೋನ್ ಕಿವಿಗಿಟ್ಟುಕೊಂಡೇ ಬಂದು ಮೇಜಿನ ಆಚೆ ನಿಂತರು. ನನ್ನ ಕಡೆ ನೋಡಲಿಲ್ಲ.

"ಇಂಜಿನಿಯರ್ ಕೇಳ್ತಿದ್ದಾರೆ. ಬಾಗಿಲು ಒಳಕ್ಕೆ ತೆಗೀಬೇಕೋ, ಹೊರಕ್ಕೋ?"

ಯಾವ ಬಾಗಿಲು ಎಂದೆ.

"ನಿನ್ನ ರೂಮಿಗೆ ಇರೋದು ಒಂದೇ ತಾನೇ."

ಒಳಕ್ಕೆ, ಎಂದೆ. ಅದನ್ನೇ ಫೋನಿಗೆ ಹೇಳುತ್ತ ವರಾಂಡಕ್ಕೆ ಹೋದರು. ದನಿಯಲ್ಲಿ ಇನ್ನೂ ಸಿಟ್ಟಿದೆ. ನನಗೂ ಇದೆ. ಬಾಲ್ಕನಿ ರೂಮಿನ ವಿಷಯ ಏನೋ ಹೇಳುತ್ತಿದ್ದಾರೆ, ಬಾತ್‌ರೂಮ್ ಬೇಡ ಎಂದು, ದೊಡ್ಡಪ್ಪ ಬಂದರೆ ಕೆಳಗಿನದನ್ನೇ ಬಳಸಲಿ ಎಂದು... ದನಿ ಸಣ್ಣದಾಯಿತು. ಗೋಡೆಗೆ ಒರಗಿ ನಿಂತೇ ಮಾತಾಡುತ್ತಿದ್ದಾರೆ. ಅಲ್ಲಿ ಕುರ್ಚಿಯಿಲ್ಲ, ಒಂದನ್ನು ಒಯ್ದು ಹಾಕಿ ಬರುತ್ತೇನೆ.