ಮೇಸ್ತ್ರಿ ಹಕ್ಕಿ

ಭಾವನವರಿಗೆ ನಮಸ್ಕಾರ.

ಅಕ್ಕನ ಹೆಸರಿಗೆ ಬಂದ ಕಾಗದವನ್ನೂ ಮೊದಲು ಓದುವವರು ನೀವೇ ಆದ್ದರಿಂದ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಕಾಡಿನ ಶಿಬಿರದ ಅಡುಗೆಮನೆಗೆ ಇರುವೆಗಳ ದಂಡು ನುಗ್ಗಿತು. ಮೂಲೆಮೂಲೆಯ ಜಿರಲೆಗಳು ಜೀವ ಉಳಿಸಿಕೊಳ್ಳಲು ಬಾಗಿಲಿಗೆ ಓಡಿದರೆ, ಹೊಸ್ತಿಲ ಮೇಲೆ ಗುಬ್ಬಿ ಗಾತ್ರದ ಹಕ್ಕಿಯೊಂದು ಕೂತು ಒಂದೊಂದನ್ನೇ ನುಂಗುತ್ತಿತ್ತು. ನಡುನಡುವೆ ಇರುವೆಗಳನ್ನು ಗದರಿಸುವಂತೆ ಕೂಗು ಬೇರೆ. ಹೆಸರು ಇರುವೆ ಹಕ್ಕಿ. ಇಲ್ಲಿಯವರು ಕರೆಯುವುದು ಮೇಸ್ತ್ರಿ ಎಂದು.

"ಇದು ಇರುವೆ ತಿನ್ನುತ್ತಾ?" ಎಂದು ಅಡುಗೆಯವನನ್ನು ಕೇಳಿದೆ.

"ಮುಟ್ಟೋದೂ ಇಲ್ಲ ಕಣಯ್ಯ. ಇರುವೆಗಳ ಕೈಲಿ ದುಡಿಸಿ, ತಾನು ಬೇರೇದು ತಿನ್ನುತ್ತೆ," ಎಂದ.

ಕೂಡಲೇ ನಿಮ್ಮ ನೆನಪಾಯಿತು. ಊರೆಲ್ಲ ನಿಮ್ಮನ್ನು ಟೈಲರ್ ಎನ್ನುತ್ತದೆ, ಅಂಗಡಿಯ ಬೋರ್ಡಿನಲ್ಲೂ ನಿಮ್ಮದೇ ಹೆಸರು; ಮೆಷಿನ್ ಮುಂದೆ ಮಾತ್ರ ಯಾವತ್ತೂ ಅಕ್ಕ. ನೀವು ಸೂಜಿಗೆ ದಾರ ಪೋಣಿಸಿದ್ದನ್ನು ನಾನಂತೂ ಕಂಡಿಲ್ಲ.

ನನಗೆ ಮೈತುಂಬ ಬೆವರುಸಾಲೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಇರುವೆಗಳು ಹೊರಟುಹೋದ ಮೇಲೂ ಮೇಸ್ತ್ರಿ ಹೊಸ್ತಿಲು ಬಿಡದೆ ಸಂಜೆಯವರೆಗೆ ಕೂಗುತ್ತಿತ್ತು, ಪಾಪ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಶಿಬಿರಕ್ಕೆ ಸೊಳ್ಳೆಪರದೆ ಹೊಲಿಯುವವರು ಬೇಕಂತೆ, ಅಕ್ಕನ ಹೆಸರು ಕೊಟ್ಟಿದ್ದೇನೆ. ಮೇಸ್ತ್ರಿ ಕೆಲಸ ಖಾಲಿ ಇಲ್ಲ.

ನಿಮ್ಮ ಭಾಮೈದ