ಸೀಬೆ ಮರದ ಗಿಡುಗ

ಕಮಲಾಪುರ, ಮಂಗಳವಾರ

ಮೈಸೂರಿನ ನನ್ನ ಮುದ್ದು ತಾತನಿಗೆ ಹೊಸ ಸೊಸೆಯಾದ ಮೊಮ್ಮಗಳ ನೂರು ನಮಸ್ಕಾರ!

ಹೋದ ವರ್ಷ ತೀರಿಕೊಂಡ ನಮ್ಮ ಮಾವ ಹಿತ್ತಲಲ್ಲಿ ಗುಬ್ಬಿಗಳಿಗೆಂದು ನುಚ್ಚಿನ ತಟ್ಟೆ ತೂಗುಹಾಕಿದ್ದರು. ಪಕ್ಕದ ಸೀಬೆ ಮರಕ್ಕೆ ದಿನಾ ಒಂದು ಹಕ್ಕಿ ಬರುತ್ತದೆ. ಅತ್ತೆ ಅದಕ್ಕೆ ಗರುಡ ಎಂದು ಕೈಮುಗಿಯುತ್ತಾರೆ. ನೀವು ಕೊಟ್ಟ ಬೈನಾಕ್ಯುಲರ್‌ನಲ್ಲಿ ನಿನ್ನೆ ನೋಡಿದೆ: ಬೂದು ಬೆನ್ನು, ಎದೆಯ ಮೇಲೆ ಕಂದು ಪಟ್ಟಿ, ಕೆಂಪು ಕಣ್ಣು! "ಅತ್ತೆ, ಇದು ಗರುಡ ಅಲ್ಲ, ಗಿಡುಗ! ಗುಬ್ಬಿ ಹಿಡಿಯೋಕೆ ಬರ್ತಿದೆ!" ಎಂದು ಕುಣಿದುಬಿಟ್ಟೆ.

ಅತ್ತೆ ಮೆಲ್ಲಗೆ ಕಟ್ಟೆಯ ಮೇಲೆ ಕೂತರು. "ವೈಕುಂಠದಾಗ ನಿಮ್ಮ ಮಾವಗ ಮುಟ್ಟಸ್ತದ ಅಂತ ದಿನಾ ಮನಿ ಸುದ್ದಿ ಹೇಳಿ ಕಳಸ್ತಿದ್ದೆ. ನಿಮ್ಮ ಮದುವಿ ಸುದ್ದೀನೂ," ಎಂದರು. ತಾತ, ನಾನು ಯಾಕಾದರೂ ಬಾಯಿ ಬಿಟ್ಟೆನೋ!

ಅವರ ಕಣ್ಣಿಗೆ ಪೊರೆ ಬಂದಿದೆ, ಶುಕ್ರವಾರ ಹೊಸಪೇಟೆಯಲ್ಲಿ ಆಪರೇಷನ್. ನಾನು ಆರೋಗ್ಯವಾಗಿದ್ದೇನೆ.

ಇವತ್ತು ಬೆಳಿಗ್ಗೆ ಅತ್ತೆ ತಟ್ಟೆಯನ್ನು ಪಡಸಾಲೆಯೊಳಗೆ ಕಟ್ಟಿಸಿದರು. "ಎಷ್ಟು ಗುಬ್ಬಿ ಬಂದಾವ, ನೋಡಿ ಹೇಳು," ಎಂದರು. ಹನ್ನೊಂದು ಎಂದೆ. ಗಿಡುಗ ಮರದಲ್ಲೇ ಇತ್ತು. ಅತ್ತೆ ಅತ್ತ ತಿರುಗಿ, "ಹನ್ನೊಂದು ಬಂದಾವಂತ ಅವ್ರಿಗೆ ಹೇಳಪ್ಪಾ," ಎಂದರು.

ಕಾರ್ಡು ತುಂಬಿತು,
ನಿಮ್ಮ ಮೇದಿನಿ