ನಿಂತ ವಿಮಾನ, ಹಾರೋ ಗಾಳಿ

ಬೆಂಗಳೂರು, ಶುಕ್ರವಾರ

ಸೊಸಿ ಪರಿಮಳಾಗ ಮಾವನ ಜೈಭೀಮ್.

ನಿನ್ನ ಮಗಳು ಗಾಳಿಗಿ ಹಾರಿ ಹೋದಳವ್ವ. ಹೆದರಬ್ಯಾಡ, ಸುಳ್ಳು ಹೇಳಿದೆ. ಯಶೋಧರಾ ಬಾಜುಕ್ಕ ಕುಂತು ಇಡ್ಲಿ ತಿನ್ನಾಕತ್ತಾಳ.

ವಿಮಾನದ ಓದಿಗಿ ದಾರಿ ತೋರಸೋ ಗೈಡ್ ಬೇಕಂತ ಬಂದಿದ್ದಿವಲ್ಲ, ಆ ಕಾಲೇಜಿನ ಮೇಡಮ್ಮನ್ನ ಇವತ್ತು ಕಂಡಿವಿ. ಅವರ ಕ್ವಾಣ್ಯಾಗ ಒಂದು ಗಾಜಿನ ಸುರಂಗ ಅದ. ಒಳಗ ಗೇಣುದ್ದದ ವಿಮಾನ ನಿಂತೇ ಇರತದ, ಗಾಳಿನೇ ಹಾರತದ. ಇದು ಗಾಳಿಮಾತಲ್ಲ, ಕಣ್ಣಾರೆ ನೋಡೀನಿ. ಗಾಳಿ ಕಾಣಲಿ ಅಂತ ಹೊಗಿ ಬಿಡತಾರ.

ಮೊದಲ ಮೇಡಂ, "ಈ ವರ್ಷ ಯಾರಿಗೂ ಗೈಡ್ ಆಗಲ್ಲಮ್ಮ, ಪುರುಸೊತ್ತಿಲ್ಲ" ಅಂದ್ರು. ನಮ್ಮ ಹುಡುಗಿ ಸುರಂಗ ಬಿಟ್ಟು ಕದಲದೇ ಕೇಳಿದಳು:

"ರೆಕ್ಕಿ ಹಿಂದ ಹೊಗಿ ಯಾಕ್ರೀ ತಿರುಗಿ ಬರತದ? ನಮ್ಮ ದೋರನಹಳ್ಳಿ ಕಣದಾಗ ಗ್ವಾಡಿ ಹಿಂದ ನಿಂತು ತೊಗರಿ ತೂರಿದ್ರ, ಹೊಟ್ಟು ಹಿಂಗೇ ತಿರುಗಿ ಮಾರಿಗಿ ಬಡಿತದ್ರೀ."

ಮೇಡಂ ಕುರ್ಚಿ ಎಳಕೊಂಡು ಕುಂತ್ರು. "ಗೋಡೆಯಿಂದ ಎಷ್ಟು ದೂರ ನಿಂತ್ರೆ ಬಡಿಯಲ್ಲ? ಅಳೆದು ಬರ್ಕೋ. ಪ್ರತಿ ಭಾನುವಾರ ನನಗೆ ಫೋನ್ ಮಾಡು."

ನನ್ನ ಮೊಣಕಾಲು ನೆಟ್ಟಗದ. ಮುಂದಿನ ವಾರ ಬರತೀವಿ. ಹೊಟ್ಟು ಪೂರಾ ದನಕ್ಕ ಹಾಕಬ್ಯಾಡ, ಅಳತಿಗಿ ಬೇಕು.

ಒಂದು ನಿಜ ಹೇಳತೀನಿ, ಆಕಿಗಿ ತಿಳಿಸಬ್ಯಾಡ. ಆಕಿ ಕಳಿಸಿದ ಮೂರು ಈಮೇಲಿಗೂ ಜವಾಬು ಬಂದಿರಲಿಲ್ಲ, ನಮ್ಮನ್ನ ಯಾರೂ ಕರದಿರಲಿಲ್ಲ; ಮೇಡಂ ಕರದಾರಂತ ಆಕಿಗಿ ನಾನು ಹೇಳಿದ್ದು ಸುಳ್ಳು. ಗೇಟಿನ ರಿಜಿಸ್ಟರಿನಾಗ 'ಮೇಡಮ್ಮನ ಸೋದರಮಾವ' ಅಂತ ಬರದು ಒಳಗ ಹೊಕ್ಕವ ನಾನೇ.

ಮಾವ